ಕೌದಿಯೊಳಗಿನ ಕಾಗದ

"ಗುರುಗಳೇ, ನಿಯಮವನ್ನು ಎಲ್ಲಿಯವರೆಗೆ ಹಿಡಿದಿರಬೇಕು?"

ಕೇಳಿದವನು ಅಡಿವೆಪ್ಪ. ಮಠಕ್ಕೆ ಬಂದಾಗಿನಿಂದ ಅವನು ಒಂದು ನಿಯಮವನ್ನೂ ತಪ್ಪಿಸಿರಲಿಲ್ಲ. ಏಳುವ ಹೊತ್ತಿಗೆ ಏಳುತ್ತಿದ್ದ, ಓದುವ ಹೊತ್ತಿಗೆ ಓದುತ್ತಿದ್ದ. ಉಣ್ಣುವಾಗ ಮಾತಾಡಬಾರದು ಎಂಬುದು ಅಲ್ಲಿಯ ಒಂದು ನಿಯಮ. ಉಳಿದ ಶಿಷ್ಯರು ಪಂಕ್ತಿಯಲ್ಲಿ ಕೂತು ಪಿಸುಗುಡುತ್ತಾರೆ, ಒಬ್ಬರ ತಾಟಿನಿಂದ ಇನ್ನೊಬ್ಬರು ಕಸಿದು ನಗುತ್ತಾರೆ ಎಂದು ಅಡಿವೆಪ್ಪ ತನ್ನ ತಾಟನ್ನು ಎತ್ತಿಕೊಂಡು ಹಿತ್ತಲ ಕಟ್ಟೆಗೆ ಹೋಗಿ ಒಬ್ಬನೇ ಉಣ್ಣುತ್ತಿದ್ದ.

"ಯಾಕೆ, ಭಾರವಾಯಿತೇ?" ಎಂದು ಗುರುಗಳು ಕೇಳಿದರು.

"ಭಾರವಾಗಿಲ್ಲ, ರೂಢಿಯಾಗಿದೆ. ರೂಢಿಯಾದ ಮೇಲೂ ಹಿಡಿದೇ ಇರಬೇಕೇ? ನಿಯಮದ ಆಸರೆ ಇಲ್ಲದೆ ನೆಟ್ಟಗೆ ನಿಲ್ಲುವುದು ಯಾವಾಗ?"

ಗುರುಗಳು ಮಠಕ್ಕೆ ಬರುವ ಮೊದಲು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು. ಎದುರಿಗೆ ಬಂದವನ ಮುಖಕ್ಕಿಂತ ಮೊದಲು ಕೈ ನೋಡುವುದು ಅವರಿಗೆ ಅಂಗಡಿ ಕಲಿಸಿದ ಅಭ್ಯಾಸ. ಅಡಿವೆಪ್ಪನ ಕೈಯಲ್ಲಿ ತೊಳೆದಿಟ್ಟುಕೊಂಡ ತಾಟು ಇತ್ತು. ಊಟದ ಗಂಟೆಗೆ ಇನ್ನೂ ಹೊತ್ತಿತ್ತು. ಒಳಗೆ ರೊಟ್ಟಿ ಬಡಿಯುವ ಸದ್ದು, ಅದರ ಜೊತೆಗೆ ನಗು.

"ಕೂತುಕೋ" ಎಂದರು ಗುರುಗಳು. "ಒಂದು ಕೌದಿಯ ಕತೆ ಹೇಳುತ್ತೇನೆ."

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನಿಗೆ ಇಬ್ಬರು ಸೊಸೆಯಂದಿರು, ಒಬ್ಬಳು ಮಗಳು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಮಗು ಹುಟ್ಟಿತ್ತು. ಬಾಣಂತನ ಮುಗಿಯುತ್ತ ಬಂದಿತ್ತು.

ಆ ಸೀಮೆಯಲ್ಲಿ ಒಂದು ಪದ್ಧತಿ. ಮೊದಲ ಮಗುವನ್ನು ತಂದೆಯ ಮನೆಗೆ ಕಳಿಸುವಾಗ ತವರಿನವರು ಬಟ್ಟೆಯ ತುಂಡುಗಳನ್ನು ಕೂಡಿಸಿ ಒಂದು ಕೌದಿ ಹೊಲಿದು ಕೊಡಬೇಕು. ಹೊರಡುವ ಮೊದಲು ಅದನ್ನು ನಡುಮನೆಯಲ್ಲಿ ಹಾಸಿ ಮಗುವನ್ನು ಮಲಗಿಸುತ್ತಾರೆ. ಕರೆದೊಯ್ಯಲು ಬಂದ ಬೀಗತಿ ಎಲ್ಲರ ಎದುರು ಅದರ ಮೇಲೆ ಅಂಗೈ ಆಡಿಸಿ ನೋಡುತ್ತಾಳೆ. ಒಪ್ಪಿಗೆಯಾದರೆ ಮಗುವನ್ನು ಅದೇ ಕೌದಿಯಲ್ಲಿ ಸುತ್ತಿ ಎತ್ತಿಕೊಳ್ಳುತ್ತಾಳೆ. ಒಪ್ಪಿಗೆಯಾಗದಿದ್ದರೆ ತಾನು ತಂದ ಬಟ್ಟೆಯಲ್ಲಿ ಸುತ್ತುತ್ತಾಳೆ. ಬಾಯಿಂದ ಏನೂ ಹೇಳುವುದಿಲ್ಲ. ಹೇಳುವ ಅಗತ್ಯವೂ ಇರುವುದಿಲ್ಲ.

ಈ ಬೀಗತಿ ಮಾತ್ರ ಬಾಯಿಂದಲೂ ಹೇಳುವವಳು. ಮದುವೆಯಲ್ಲಿ ಕೊಟ್ಟ ಕೌದಿಯನ್ನು ತಿರುಗಿಸಿ ನೋಡಿ, "ಅಂಗಡೀದು" ಎಂದಿದ್ದಳು. ನಿಜವಾಗಿಯೂ ಅದು ಕೊಂಡು ತಂದದ್ದೇ. ಅಂದಿನಿಂದ ಆ ಮನೆಯಲ್ಲಿ ಅಂಗಿಯ ಗುಂಡಿ ಕಿತ್ತುಬಂದರೂ, ದಿಂಬಿನ ಹೊಲಿಗೆ ಬಿಚ್ಚಿದರೂ, "ಇದೂ ನಿನ್ನ ತವರಮನಿ ಕೆಲಸ ಏನವಾ?" ಎಂಬ ಮಾತು. ಮಗಳು ನಕ್ಕು ಸುಮ್ಮನಾಗುತ್ತಿದ್ದಳು. ನಗುವುದು ದಿನದಿನಕ್ಕೆ ಕಷ್ಟವಾಗುತ್ತಿತ್ತು.

ಅವಳು ತಂದೆಗೆ ಹೇಳಿದಳು: "ಅಪ್ಪಾ, ಈ ಸಲ ಮನ್ಯಾಗ ಹೊಲೀಬೇಕು. ನಮ್ಮ ಅತ್ತಿ ನನ್ನ ಮಗಳನ್ನ ತವರಿನ ಕೌದಿಯೊಳಗೇ ಎತ್ತಿಕೋಬೇಕು. ಇಲ್ಲಂದ್ರ ಈ ಮಾತು ನನ್ನ ಮಗಳ ಮದುವಿತನಕ ನಡೀತದ."

ವ್ಯಾಪಾರಿಗೆ ಅರ್ಥವಾಯಿತು. ಆದರೆ ಮನೆಯಲ್ಲಿ ಯಾರಿಗೂ ಕೌದಿ ಹೊಲಿಯಲು ಬರುತ್ತಿರಲಿಲ್ಲ. ಬಟ್ಟೆ ಮಾರುವ ಮನೆಯಲ್ಲಿ ಸೂಜಿ ಹಿಡಿಯುವವರು ಕಡಿಮೆ. ಅವನು ಊರೂರು ತಿರುಗಿ ಕೌದಿ ಹೊಲಿಯುವ ಒಬ್ಬ ಹೆಂಗಸನ್ನು ಕರೆಸಿದ.

"ಹೊಲಿದು ಕೊಡೋದು ಬ್ಯಾಡ. ಸೊಸೆಯಂದಿರಿಗೆ ಕಲಿಸಿ ಕೊಡು" ಎಂದ. "ಸುಮ್ಮನೆ ತುಂಡು ತುಂಡು ಕೂಡಿಸಿದ್ದಲ್ಲ. ಮೂಲೆಗೆ ಮೂಲೆ ಕೂಡಿ ಹೂವಿನಂಗ ಕಾಣ್ತದಲ್ಲ, ಅಂಥಾದ್ದು."

"ಅದು ಕಾಗದದ ಮ್ಯಾಲಿನ ಕೆಲಸ್ರೀ. ಗಟ್ಟಿ ಕಾಗದ ಐತೇನು?"

ಬಟ್ಟೆ ಅಂಗಡಿಯಲ್ಲಿ ಗಟ್ಟಿ ಕಾಗದಕ್ಕೆ ಬರವಿಲ್ಲ. ಸೀರೆಯ ಮಡಿಕೆಯೊಳಗೆ ನೆಟ್ಟಗೆ ನಿಲ್ಲಲೆಂದು ಇಟ್ಟು ಬರುತ್ತದಲ್ಲ, ಅದೇ. ಎಸೆಯುವ ಕಾಗದ ಕೆಲಸಕ್ಕೆ ಬಂತೆಂದು ವ್ಯಾಪಾರಿಗೆ ಆಗಲೇ ಅರ್ಧ ಸಂತೋಷವಾಯಿತು. ಅಂಗಡಿಯಲ್ಲಿ ಉಳಿದಿದ್ದ ಕಟ್‌ಪೀಸುಗಳನ್ನೂ ಗಂಟು ಕಟ್ಟಿ ತಂದ.

ಆ ಹೆಂಗಸು ಇಬ್ಬರು ಸೊಸೆಯಂದಿರನ್ನು ಎದುರಿಗೆ ಕೂರಿಸಿಕೊಂಡು ತೋರಿಸಿದಳು. ಮೊದಲು ಕಾಗದವನ್ನು ಆರು ಮೂಲೆಯ ಬಿಲ್ಲೆಗಳಾಗಿ ಕತ್ತರಿಸಬೇಕು. ಎಲ್ಲ ಬಿಲ್ಲೆಗಳೂ ಒಂದೇ ಅಳತೆ. ಅದಕ್ಕಿಂತ ಸ್ವಲ್ಪ ದೊಡ್ಡದಾಗಿ ಬಟ್ಟೆ ಕತ್ತರಿಸಿ, ಕಾಗದದ ಮೇಲೆ ಹೊದಿಸಿ, ಅಂಚನ್ನು ಹಿಂದಕ್ಕೆ ಮಡಚಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಬೇಕು. ಆಗ ಬಟ್ಟೆಗೂ ಆರು ಮೂಲೆ ಬರುತ್ತವೆ. ಆಮೇಲೆ ಬಿಲ್ಲೆಗೆ ಬಿಲ್ಲೆ ತಾಗಿಸಿ, ಬದಿಗೆ ಬದಿ ಸಣ್ಣ ಹೊಲಿಗೆಯಲ್ಲಿ ಕೂಡಿಸುತ್ತ ಹೋಗಬೇಕು. ಸೂಜಿ ಬಟ್ಟೆಯನ್ನಷ್ಟೇ ಹಿಡಿಯಬೇಕು, ಕಾಗದವನ್ನು ಹಿಡಿಯಬಾರದು.

"ಕಾಗದ ಒಳಗಿದ್ರ ಬಟ್ಟೆ ಮಾತು ಕೇಳ್ತದ" ಎಂದಳು ಅವಳು. "ಅದಕ್ಕ ಕಾಗದ ತೆಗೀಬ್ಯಾಡ್ರಿ."

ಮುಂದಿನದನ್ನು ಹೇಳುವ ಮೊದಲೇ ಅವಳ ಊರಿನಿಂದ ಕರೆ ಬಂತು. ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. "ಹೊಲೀತಾ ಇರ್ರಿ, ಬಂದು ಉಳಿದಿದ್ದು ಹೇಳ್ತೀನಿ" ಎಂದು ಹೋದಳು. ಹೋದವಳು ಬೇಗ ಬರಲಿಲ್ಲ.

ಈಗ ವ್ಯಾಪಾರಿ ಒಂದು ಲೆಕ್ಕ ಹಾಕಿದ. ಅಂಗಡಿಯಲ್ಲಿ ಇಬ್ಬರು ಕೆಲಸದವರಿಗೆ ಒಂದೇ ಕಪಾಟು ಒಪ್ಪಿಸಿದರೆ ಇಬ್ಬರೂ ಕೂತಿರುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಒಪ್ಪಿಸಿದರೆ ಇಬ್ಬರೂ ಓಡುತ್ತಾರೆ. ಹಾಗೆಂದು ಅವನು ಕೌದಿಯನ್ನು ಎರಡು ಪಾಲು ಮಾಡಿದ. ಅರ್ಧ ಹಿರಿಯ ಸೊಸೆಗೆ, ಅರ್ಧ ಕಿರಿಯ ಸೊಸೆಗೆ. ಕೊನೆಗೆ ಎರಡನ್ನೂ ಕೂಡಿಸಿದರಾಯಿತು. ಲೆಕ್ಕ ಅಂಗಡಿಗೆ ಸರಿಯಾಗಿತ್ತು.

ಆ ಇಬ್ಬರ ಸ್ವಭಾವ ಹೇಳಬೇಕು. ಹಿರಿಯವಳು ಸಾರಿಗೆ ಉಪ್ಪು ಹಾಕುವಾಗಲೂ ಚಮಚೆಯನ್ನು ಬೆರಳಿಂದ ಸಮ ಮಾಡಿಯೇ ಹಾಕುವವಳು. ಕಿರಿಯವಳು ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ಉಣ್ಣುವವರನ್ನು ಕೇಳುವವಳು. ಹಿರಿಯವಳು ಮೇಲಿನ ಕೋಣೆಯಲ್ಲಿ ಕೂತಳು, ಕಿರಿಯವಳು ಪಡಸಾಲೆಯಲ್ಲಿ.

ಕಿರಿಯವಳು ಬಟ್ಟೆಯನ್ನು ಕಾಗದಕ್ಕೆ ಮಡಚಿದಳು, ಅದರ ಮೇಲೆ ಇಸ್ತ್ರಿ ಎಳೆದಳು, ಮಡಿಕೆ ನಿಂತಿತೆಂದು ಕಾಗದವನ್ನು ಕಿತ್ತುಕೊಂಡು ಮುಂದಿನ ತುಂಡಿಗೆ ಇಟ್ಟಳು.

ಮೇಲಿನಿಂದ ಹಿರಿಯವಳು ಬಗ್ಗಿ ನೋಡಿದಳು. "ಕಾಗದ ತೆಗೀಬ್ಯಾಡ ಅಂದಾಳ ಅಕಿ."

"ನೀನು ಮೇಲೆ ಕೂತು ನನ್ನ ಕಾಗದ ಎಣಸ್ತೀಯೋ, ಹೊಲೀತೀಯೋ, ಅಕ್ಕಾ?" ಎಂದಳು ಕಿರಿಯವಳು. "ಒಂದ ಕಾಗದದಾಗ ಎಲ್ಲಾ ಮುಗಿಸ್ತೀನಿ. ಮಾವನವರಿಗೆ ಉಳಿತಾಯ."

ಮಾವ ಅದನ್ನು ಕೇಳಿ ಮೆಚ್ಚಿದ. ವ್ಯಾಪಾರಿಗಳು ಮೆಚ್ಚುವಾಗ ಹಾಗೆಯೇ, ಅವಸರ.

ಬಿಲ್ಲೆಗಳ ರಾಶಿ ದೊಡ್ಡದಾಯಿತು. ಆದರೆ ಬುಟ್ಟಿಯಲ್ಲಿ ಬಿದ್ದಲ್ಲೇ ಬಟ್ಟೆ ತನ್ನ ಹಳೆಯ ಬುದ್ಧಿಗೆ ಮರಳಿತು. ಮಡಿಕೆ ಸಡಿಲವಾಯಿತು. ಆರು ಮೂಲೆ ಇದ್ದದ್ದು ಐದಾಯಿತು, ಕೆಲವು ದುಂಡಗಾದವು. ಕೂಡಿಸುತ್ತ ಹೋದಂತೆ ಒಂದು ಬದಿ ಉದ್ದ, ಇನ್ನೊಂದು ಗಿಡ್ಡ. ಎಳೆದು ಕೂಡಿಸಿದಳು. ಎಳೆದಷ್ಟೂ ನಡುವೆ ತಗ್ಗಾಯಿತು. ಕೊನೆಗೆ ನೆಲದ ಮೇಲೆ ಹಾಸಿದಾಗ ಅವಳ ಅರ್ಧ ಕೌದಿ ಹಿಟ್ಟು ಕಲಸುವ ಪರಾತದ ಹಾಗೆ ಕೂತಿತು. ಅವಳು ಅದನ್ನು ನೋಡಿ, ತಲೆಯ ಮೇಲೆ ಬೋರಲು ಹಾಕಿಕೊಂಡು, ಕನ್ನಡಿಯ ಮುಂದೆ ಹೋಗಿ ನಿಂತು ಬಿದ್ದು ಬಿದ್ದು ನಕ್ಕಳು. ನಕ್ಕದ್ದರಿಂದ ಕೌದಿ ಸರಿಯಾಗಲಿಲ್ಲ.

ಹಿರಿಯವಳ ಕೆಲಸ ಬೇರೆ. ಅವಳು ಒಂದು ಕಾಗದವನ್ನೂ ತೆಗೆಯಲಿಲ್ಲ. ಮೂಲೆಗೆ ಮೂಲೆ ಕೂತವು. ಹೂವಿನ ಸುತ್ತ ಹೂವು ಬಂತು. ಅವಳ ಅರ್ಧ ಹಲಗೆಯಷ್ಟು ಸಪಾಟಾಗಿತ್ತು. ಅದನ್ನು ಮಡಚುವಂತಿರಲಿಲ್ಲ. ಗೋಡೆಗೆ ಆನಿಸಿ ನಿಲ್ಲಿಸಿದಳು. ಓಣಿಯ ಹೆಂಗಸರು ಬಂದು ನೋಡಿ ಹೋದರು. ವ್ಯಾಪಾರಿ ಅಂಗಡಿಗೆ ಬಂದ ಗಿರಾಕಿಗಳನ್ನೂ ಮೇಲಕ್ಕೆ ಕರೆತಂದು ತೋರಿಸಿದ.

"ಇನ್ನು ಎರಡೂ ಕೂಡಿಸ್ರಿ" ಎಂದ.

ಹಿರಿಯವಳು ಒಪ್ಪಲಿಲ್ಲ. "ಅದಕ್ಕ ಕೂಡಿಸಿದ್ರ ನಂದೂ ಕೆಡ್ತದ, ಮಾವನವರ. ನಂದು ಅರ್ಧ ಇದ್ರೂ ನೆಟ್ಟಗದ. ಮಗುವಿನ ಅಳತಿಗೆ ಇಷ್ಟ ಸಾಕು."

ಕಿರಿಯವಳು ಕೆಳಗಿನಿಂದಲೇ ಕೂಗಿದಳು: "ಹೌದ್ರಿ, ಅಕ್ಕನ ಕೌದಿಗೆ ಅಂಚಿನ ಬದಲು ಚೌಕಟ್ಟು ಹಾಕಿಸ್ರಿ. ಮೊಳೆ ನಾನು ಹೊಡೀತೀನಿ."

ಅಂದಿನಿಂದ ಇಬ್ಬರಿಗೂ ಮಾತು ನಿಂತಿತು. ಒಬ್ಬಳು ರೊಟ್ಟಿ ಮಾಡಿದರೆ ಇನ್ನೊಬ್ಬಳು ಪಲ್ಯವನ್ನು ಅಂಗಳದಲ್ಲಿ ಒಲೆ ಹೂಡಿ ಮಾಡುತ್ತಿದ್ದಳು. ಮಗಳು ನಡುವೆ ಕೂತು ಮಗುವಿನ ಕಿವಿಯಲ್ಲಿ, "ನಿನ್ನ ಕೌದಿ ಎರಡು ಮನಿ ಆಗ್ಯದ, ನೀ ಯಾವ ಮನ್ಯಾಗ ಮಲಗ್ತೀ?" ಎನ್ನುತ್ತಿದ್ದಳು. ಮಗು ಇನ್ನೂ ಯಾವುದರಲ್ಲೂ ಮಲಗಿರಲಿಲ್ಲ.

ಬೀಗತಿ ಹೇಳಿದ ದಿನಕ್ಕಿಂತ ಒಂದು ದಿನ ಮೊದಲೇ ಬಂದಳು. ತಪ್ಪು ಹುಡುಕುವವರು ಹೇಳಿದ ಹೊತ್ತಿಗೆ ಬರುವುದಿಲ್ಲ. ಕೈಕಾಲು ತೊಳೆದು, ಚಹಾ ಕುಡಿದು, ಮೊಮ್ಮಗಳನ್ನು ಎತ್ತಿ ಮುದ್ದಾಡಿ, "ಎಲ್ಲಿ, ಕೌದಿ ನೋಡೋಣ" ಎಂದಳು.

ಹಿರಿಯ ಸೊಸೆ ತನ್ನ ಅರ್ಧವನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿ ತಂದಳು. ಬಾಗಿಲಲ್ಲಿ ಅಡ್ಡಡ್ಡ ತರಲು ಆಗಲಿಲ್ಲ, ಓರೆ ಮಾಡಿ ತಂದಳು. ನಡುಮನೆಯಲ್ಲಿ ಹಾಸಿದಳು. ಬೀಗತಿ ಕಣ್ಣರಳಿಸಿದಳು. ಮೂಲೆಗಳನ್ನು ನೋಡಿದಳು, ಹೂಗಳನ್ನು ನೋಡಿದಳು. ಮಗಳಿಗೆ ಜೀವ ಬಂದಂತಾಯಿತು. ಮಗುವನ್ನು ತಂದು ಅದರ ಮೇಲೆ ಮಲಗಿಸಿದಳು.

ಮಗು ಕಾಲು ಆಡಿಸಿತು. ಕೌದಿ ಪರಪರ ಎಂದಿತು. ಮಗು ಬೆಚ್ಚಿ ಕೈ ಬಡಿಯಿತು. ಕೌದಿ ಇನ್ನೂ ಜೋರಾಗಿ ಪರಪರ ಎಂದಿತು. ಮಗು ಬಾಯಿ ತೆರೆದು ಅಳತೊಡಗಿತು. ಅತ್ತಷ್ಟೂ ಒದ್ದಾಟ, ಒದ್ದಾಡಿದಷ್ಟೂ ಸದ್ದು.

"ಬೀಗರ" ಎಂದಳು ಬೀಗತಿ, "ಇದು ಕೌದಿಯೋ, ಹಪ್ಪಳ ಹಾಸೀರೋ?"

ಕಿರಿಯವಳಿಗೆ ನಗು ತಡೆಯಲಿಲ್ಲ. ತನ್ನ ಅರ್ಧವನ್ನು ತಂದು ಪಕ್ಕದಲ್ಲಿ ಹಾಸಿದಳು. ಮಗುವನ್ನು ಅದರಲ್ಲಿ ಮಲಗಿಸಿದರೆ ಅದು ಜಾರಿ ನಡುವಿನ ತಗ್ಗಿಗೆ ಹೋಗಿ ಕೂತು ಅಳು ನಿಲ್ಲಿಸಿತು. ಬೀಗತಿ ಅಂಗೈ ಆಡಿಸಿದಳು. ಒಂದು ಕಡೆ ಗಂಟು, ಇನ್ನೊಂದು ಕಡೆ ಬೆರಳು ತೂರುವಷ್ಟು ಸಂದು.

"ಇದು ಮೆತ್ತಗದ" ಎಂದಳು. "ಆದ್ರ ಇದು ಕೌದಿ ಅಲ್ಲ, ಜೋಳಿಗಿ. ಹೆಗಲಿಗೆ ಹಾಕ್ಕೊಂಡು ಭಿಕ್ಷಾಕ್ಕ ಹೋಗಬಹುದು."

ಹೇಳಿ, ತನ್ನ ಚೀಲದ ಕಡೆ ನೋಡಿದಳು. ಅದರಲ್ಲಿ ಅವಳೇ ತಂದ ಬಟ್ಟೆ ಇತ್ತು. ಅವಳ ಕಣ್ಣು ಹೋದ ಕಡೆ ಮಗಳ ಕಣ್ಣೂ ಹೋಯಿತು. ಮಗಳು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಕಿರಿಯವಳ ನಗು ನಿಂತಿತು.

ಹಿರಿಯವಳು ತನ್ನ ಕೌದಿಯ ಮುಂದೆ ಕೂತಳು. ಒಳಗಿನಿಂದ ನಾದಿನಿ ಮೂಗು ಒರೆಸಿಕೊಳ್ಳುವ ಸದ್ದು ಕೇಳುತ್ತಿತ್ತು. ಹಿರಿಯವಳು ಕತ್ತರಿ ತೆಗೆದುಕೊಂಡಳು. ತೆಗೆಯಬಾರದು ಎಂದು ಹೇಳಿದ್ದನ್ನು ತೆಗೆಯುವುದು ಅವಳಿಗೆ ಅದೇ ಮೊದಲು. ಕೌದಿಯನ್ನು ಬೋರಲು ಹಾಕಿ, ನಟ್ಟನಡುವಿನ ಒಂದು ಬಿಲ್ಲೆಯ ಕಚ್ಚಾ ಹೊಲಿಗೆ ಕತ್ತರಿಸಿ, ಕಾಗದದ ತುದಿ ಹಿಡಿದು ಎಳೆದಳು. ಕಣ್ಣು ಮುಚ್ಚಿಕೊಂಡೇ ಎಳೆದಳು.

ಏನೂ ಆಗಲಿಲ್ಲ. ಬಿಲ್ಲೆ ತನ್ನ ಜಾಗದಲ್ಲಿ, ಆರೂ ಮೂಲೆ ಸಮೇತ, ಇದ್ದ ಹಾಗೆಯೇ ಇತ್ತು. ಮುಟ್ಟಿ ನೋಡಿದಳು. ಅಲ್ಲಿ ಮಾತ್ರ ಮೆತ್ತಗಿತ್ತು.

ಧೈರ್ಯ ಬಂದು ಅಂಚಿನ ಒಂದು ಬಿಲ್ಲೆಯ ಕಾಗದ ಎಳೆದಳು. ತಕ್ಷಣ ಅದರ ಹೊರಗಿನ ಮಡಿಕೆ ಬಿಚ್ಚಿಕೊಂಡು ಜೋತುಬಿತ್ತು. ಅವಳು ಅದನ್ನೂ ಇದನ್ನೂ ನೋಡಿದಳು. ಎರಡೂ ಒಂದೇ ಬಟ್ಟೆ, ಒಂದೇ ಕಾಗದ, ಒಂದೇ ಕೈ.

"ಇದು ಬಿತ್ತು, ಅದು ಯಾಕ ಬೀಳಲಿಲ್ಲ?" ಎಂದಳು. ಯಾರನ್ನೂ ಕೇಳಿದ್ದಲ್ಲ.

ಹಿಂದೆ ನಿಂತಿದ್ದ ಕಿರಿಯವಳು ಬಗ್ಗಿ ನೋಡಿ ಹೇಳಿದಳು: "ನಡುವಿಂದಕ್ಕ ಸುತ್ತಮುತ್ತ ಮಂದಿ ಅದಾರ, ಅಕ್ಕಾ. ಅಂಚಿಂದಕ್ಕ ಈ ಕಡೆ ಯಾರೂ ಇಲ್ಲ."

ಹಿರಿಯವಳು ಅವಳ ಕಡೆ ತಿರುಗಿದಳು. ಬಹಳ ದಿನದ ಮೇಲೆ.

"ನಿನ್ನ ಅರ್ಧ ತಾ ಇಲ್ಲಿ."

"ನಂದು ಸೊಟ್ಟ ಅದ. ನಿಂದು ಕೆಡ್ತದ ಅಂದಿದ್ದಿ."

"ಬಿಚ್ಚೋಣ. ನನ್ನ ನಡುವಿನ ಕಾಗದ ಎಲ್ಲಾ ಇನ್ನು ನನಗ ಬ್ಯಾಡ. ಅವನ್ನ ನಿನ್ನ ಬಿಲ್ಲೆಗೆ ಹಾಕೋಣ."

ಮುಂದೆ ಆ ಮನೆಯಲ್ಲಿ ಆದದ್ದು ಹಬ್ಬವೇ. ಒಬ್ಬಳು ಬಿಚ್ಚುವುದು, ಒಬ್ಬಳು ಮಡಚುವುದು. ಹಿರಿಯವಳ ಅರ್ಧದ ನಡುವಿನಿಂದ ಕಾಗದ ಬರಬರನೆ ಹೊರಗೆ ಬರುತ್ತಿತ್ತು, ಬಂದ ಹಾಗೆ ಕಿರಿಯವಳ ಅರ್ಧದ ಒಳಗೆ ಹೋಗುತ್ತಿತ್ತು. ಸೊಟ್ಟಗಿದ್ದ ಬಿಲ್ಲೆಗಳು ಕಾಗದ ಒಳಗೆ ಬಂದೊಡನೆ ಬೆನ್ನು ನೆಟ್ಟಗೆ ಮಾಡಿ ಕೂತವು. ಓಣಿಯ ಹೆಂಗಸರು ಸೂಜಿ ತಂದರು. ಮಗಳು ಮುಖ ತೊಳೆದು ಬಂದು ದಾರ ಪೋಣಿಸಿ ಕೊಡುತ್ತ ಕೂತಳು. "ವೈನಿ, ಇಬ್ಬರೂ ಒಟ್ಟಿಗೆ ಮಾತಾಡಬ್ಯಾಡ್ರಿ, ದಾರ ಯಾರಿಗೆ ಕೊಡಲಿ ತಿಳೀವಲ್ದು" ಎಂದಳು. ವ್ಯಾಪಾರಿ ಹರಿದ ಕಾಗದವನ್ನೂ ಆಯ್ದು ಒಂದು ಕಡೆ ಇಡುತ್ತಿದ್ದ.

"ಅವು ಇನ್ನ ಯಾತಕ್ಕ ಬರ್ತಾವ್ರಿ, ಮಾವನವರ?" ಎಂದಳು ಕಿರಿಯವಳು.

"ಒಲೆಗೆ" ಎಂದ ವ್ಯಾಪಾರಿ.

ಅವನ ಕಣ್ಣು ಬೀಗತಿಯ ಮೇಲಿತ್ತು. ಅವಳು ಮಂಚದ ಮೇಲೆ ಕೂತು ಅಡಿಕೆ ಅಗಿಯುತ್ತ ಎಲ್ಲವನ್ನೂ ನೋಡುತ್ತಿದ್ದಳು. ವ್ಯಾಪಾರ ಮಾಡಿದವನಿಗೆ ಒಂದು ವಿಷಯ ಗೊತ್ತು. ಗಿರಾಕಿ ದೂರ ನಿಂತಿರುವಷ್ಟು ಹೊತ್ತು ತಪ್ಪು ಹೇಳುತ್ತಾನೆ. ಬಟ್ಟೆಯ ಥಾನನ್ನು ಬಿಚ್ಚಿ ಅವನ ಕೈಗೇ ಒಂದು ತುದಿ ಹಿಡಿಸಬೇಕು. ಅವನು ಸೂಜಿಗೆ ದಾರ ಪೋಣಿಸಿಕೊಂಡು ಬೀಗತಿಯ ಮುಂದೆ ಹೋಗಿ ನಿಂತ.

"ಬೀಗತಿಯವರ, ಸುತ್ತ ಅಂಚಿಗೆ ಪಟ್ಟಿ ಹಚ್ಚೋದದ, ಒಂದು ಬದಿ ನಿಮಗ. ನಮ್ಮ ಹುಡುಗಿಯರ ಕೈಗೆ ಅಷ್ಟು ಬರೋದಿಲ್ಲ. ಮೊಮ್ಮಗಳ ಕೌದಿ, ನಿಮ್ಮ ಕೈ ತಾಗಲಿ."

"ನನ್ನ ಕಣ್ಣು ಈಗ ಮೊದಲಿನಂಗ ಇಲ್ಲ, ಬೀಗರ."

"ತಪ್ಪು ಕಾಣೂವಷ್ಟು ಅದಾವಲ್ಲ. ಸಾಕು."

ಬೀಗತಿ ಗಟ್ಟಿಯಾಗಿ ನಕ್ಕಳು. ಅಡಿಕೆ ಉಗುಳಿ, ಸೆರಗು ಸಿಕ್ಕಿಸಿ, ಕೆಳಗೆ ಇಳಿದು ಬಂದು ಕೂತಳು.

ಸಂಜೆಯ ದೀಪ ಹಚ್ಚುವ ಹೊತ್ತಿಗೆ ಎರಡು ಅರ್ಧ ಕೂಡಿದವು. ಮರುದಿನ ಬೆಳಿಗ್ಗೆ ಸುತ್ತಲಿನ ಪಟ್ಟಿಯೂ ಮುಗಿಯಿತು. ಈಗ ಯಾವ ಬಿಲ್ಲೆಗೂ ಖಾಲಿ ಬದಿ ಉಳಿದಿರಲಿಲ್ಲ. ಉಳಿದ ಕಾಗದವನ್ನೆಲ್ಲ ಎಲ್ಲರೂ ಕೈ ಹಾಕಿ ಎಳೆದರು. ಕೌದಿ ಹಲಗೆಯಂತೆ ಇದ್ದದ್ದು ಉಸಿರು ಬಿಟ್ಟು ಮೆತ್ತಗಾಯಿತು. ಅಲ್ಲಲ್ಲಿ ಒಂದಿಷ್ಟು ಸುಕ್ಕು ಬಂತು. ಹಿರಿಯವಳು ಸುಕ್ಕನ್ನು ನೋಡಿದಳು, ಅಂಗೈಯಿಂದ ಒಮ್ಮೆ ಸವರಿದಳು, ಬಿಟ್ಟಳು. ಕೆಳಗೆ ಹಳೆಯ ಧೋತರದ ಪದರ ಇಟ್ಟು ಎಲ್ಲರೂ ಸೇರಿ ಹೊಲಿದರು. ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಅದರೊಳಗೆ ಹೋಳಿಗೆಯ ಒಂದು ಚೂರು ಇಡುವುದು ಆ ಕಡೆಯ ರೂಢಿ. ಕೌದಿ ಹಸಿದಿರಬಾರದು ಎಂದು.

"ಇಷ್ಟು ದಿನ ಬರೇ ಕಾಗದ ತಿಂದದ" ಎಂದಳು ಬೀಗತಿ. "ಎರಡು ಚೂರು ಇಡ್ರಿ."

ನಡುಮನೆಯಲ್ಲಿ ಕೌದಿ ಹಾಸಿದರು. ಮಗುವನ್ನು ಮಲಗಿಸಿದರು. ಮಗು ಕಾಲು ಆಡಿಸಿತು. ಸದ್ದಿಲ್ಲ. ಕೈ ಬಡಿಯಿತು. ಸದ್ದಿಲ್ಲ. ಸ್ವಲ್ಪ ಹೊತ್ತು ಮೇಲೆ ನೋಡುತ್ತ ಇದ್ದು, ಕೌದಿಯನ್ನು ಒದ್ದೆ ಮಾಡಿ, ನಿದ್ದೆ ಹೋಯಿತು.

"ಮಾಲು ಪಾಸಾತು" ಎಂದ ವ್ಯಾಪಾರಿ.

ಆದರೆ ಪದ್ಧತಿ ಪದ್ಧತಿಯೇ. ಬೀಗತಿ ಮುಂದೆ ಬಂದು ಕೂತು ಅಂಗೈ ಆಡಿಸಿದಳು. ಮಗಳು ಕಂಬಕ್ಕೆ ಒರಗಿ ನಿಂತು ಅವಳ ಕೈಯನ್ನೇ ನೋಡುತ್ತಿದ್ದಳು. ಕೈ ನಡುವಿನಿಂದ ಅಂಚಿಗೆ ಬಂತು, ಒಂದು ಕಡೆ ನಿಂತಿತು. ಅಲ್ಲಿ ಹೊಲಿಗೆ ಓರೆಯಾಗಿ ಓಡಿತ್ತು.

"ಇದು ಯಾರ ಕೈದು?" ಎಂದಳು ಬೀಗತಿ.

ಮಗಳು ಮೆಲ್ಲಗೆ ಹೇಳಿದಳು: "ಅದು ನಿಮ್ಮದ, ಅತ್ತಿ."

ಬೀಗತಿ ಮತ್ತೆ ಬಗ್ಗಿ ನೋಡಿದಳು. ಕನ್ನಡಕ ತರಿಸಿ ನೋಡಿದಳು. ತನ್ನದೇ. ಮೊದಲು ಅವಳ ಹೆಗಲು ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ನಡುಮನೆಯೆಲ್ಲ ನಗು. ನಗುತ್ತಲೇ ಅವಳು ಕೌದಿಯ ನಾಲ್ಕೂ ತುದಿ ಕೂಡಿಸಿ, ಒದ್ದೆಯಾದದ್ದನ್ನೂ ಲೆಕ್ಕಿಸದೆ, ಮಗುವನ್ನು ಸುತ್ತಿ ಎತ್ತಿಕೊಂಡಳು.

"ನಡಿಯವಾ" ಎಂದಳು ಸೊಸೆಗೆ. "ಇನ್ನ ಮ್ಯಾಲೆ ಯಾವ ಹೊಲಿಗಿ ಬಿಚ್ಚಿದ್ರೂ ಇಬ್ಬರೂ ಕೂಡೇ ಬೈಸ್ಕೊಳ್ಳೋಣ."

ಅವಳ ಚೀಲದಲ್ಲಿದ್ದ ಬಟ್ಟೆ ಚೀಲದಲ್ಲೇ ಉಳಿಯಿತು.

ಕೌದಿ ಹೊಲಿಯುವ ಹೆಂಗಸು ಆಮೇಲೆ ಒಂದು ದಿನ ಬಂದಳು. ಹೇಳಬೇಕಾಗಿದ್ದ ಉಳಿದ ಮಾತು ಅವಳ ಬಾಯಲ್ಲೇ ಇತ್ತು. ಸೊಸೆಯಂದಿರಿಬ್ಬರೂ ಒಂದೇ ಒಲೆಯ ಮುಂದೆ ಕೂತಿದ್ದನ್ನು ನೋಡಿ ಅವಳು ಏನೂ ಹೇಳದೆ ಚಹಾ ಕುಡಿದು ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪ ನಗುತ್ತಿದ್ದ. ಅವನು ನಗುವುದನ್ನು ಆ ಮಠದಲ್ಲಿ ನೋಡಿದವರು ಕಡಿಮೆ. ನಗುತ್ತಲೇ ಕೇಳಿದ: "ಹಾಗಾದರೆ ಹಿರಿಯವಳು ಕಾಗದ ಹಿಡಿದು ಕೂತದ್ದು ತಪ್ಪೇ, ಗುರುಗಳೇ?"

"ತಪ್ಪು ಹೇಗಾಗುತ್ತದೆ? ಅವಳು ಹಿಡಿಯದಿದ್ದರೆ ಮನೆಯಲ್ಲಿ ಎರಡು ಜೋಳಿಗೆ ಆಗುತ್ತಿದ್ದವು."

"ಕಿರಿಯವಳದು?"

"ಅವಳು ಬಿಟ್ಟದ್ದೂ ತಪ್ಪಲ್ಲ. ಎಂದಾದರೂ ಬಿಡಲೇಬೇಕಿತ್ತು. ಬಿಟ್ಟಾಗ ಆ ತುಂಡಿಗೆ ಅಕ್ಕಪಕ್ಕ ಯಾರೂ ಇರಲಿಲ್ಲ, ಅಷ್ಟೇ."

ಅಡಿವೆಪ್ಪ ಯೋಚಿಸಿದ. ಅವನು ಬುದ್ಧಿವಂತ. "ಅಂದರೆ ಎಷ್ಟು ಕಾಲ ಹಿಡಿದೆ ಎಂಬುದು ಲೆಕ್ಕವಲ್ಲ. ಎಷ್ಟು ಚೆನ್ನಾಗಿ ಹಿಡಿದೆ ಎಂಬುದೂ ಅಲ್ಲ. ಎಲ್ಲ ಬದಿ ಕೂಡಿದ ಮೇಲೆ ಕಾಗದ ತೆಗೆದರೆ ಬಿಲ್ಲೆ ತಾನೇ ನಿಲ್ಲುತ್ತದೆ."

"ಹೌದು."

"ನನ್ನ ಕಾಗದ ತೆಗೆಯುವ ಹೊತ್ತು ಬಂದಿದೆಯೇ, ಗುರುಗಳೇ?"

ಒಳಗೆ ಊಟದ ಗಂಟೆ ಹೊಡೆಯಿತು. ಪಂಕ್ತಿಯಲ್ಲಿ ಯಾರೋ ಏನೋ ಅಂದರು, ಎಲ್ಲರೂ ನಕ್ಕರು. ಗುರುಗಳು ಅಡಿವೆಪ್ಪನ ಕೈಯಲ್ಲಿದ್ದ ತಾಟನ್ನು ನೋಡಿದರು.

"ಅದನ್ನು ಎಲ್ಲಿಗೆ ತೆಗೆದುಕೊಂಡು ಹೊರಟಿದ್ದೀ?"

ಅಡಿವೆಪ್ಪ ತಾಟು ಹಿಡಿದು ಎದ್ದ, ಹಿತ್ತಲ ಬಾಗಿಲು ಬಿಟ್ಟು ಪಂಕ್ತಿಯ ಕಡೆ ನಡೆದ.